‘ಸ್ಯಾಂಕ್ಷನ್’ ಅಂದ್ರೆ ಒಪ್ಪಿಗೆಯೋ ಶಿಕ್ಷೆಯೋ? ನಮ್ಮ ಮಂಜೂರಿ, ಪರವಾನಗಿ ಎಲ್ಲಿಂದ ಬಂದವು?

ಮಾಸ್ತರ, ವಿಜಯಪುರ

ಎಲ್ಲರಿಗೂ ನಮಸ್ಕಾರ. ನಾನು ಸ್ಪರ್ಧಾತ್ಮಕ ಪರೀಕ್ಷೆಗೆ ಓದುವ ಮಕ್ಕಳಿಗೆ ಇಂಗ್ಲಿಷ್ ಹೇಳಿಕೊಡುತ್ತೇನೆ. ಹೆಚ್ಚಿನವರು ಸಿಂದಗಿ, ಇಂಡಿ, ಮುದ್ದೇಬಿಹಾಳ ಕಡೆಯ ಹಳ್ಳಿಗಳವರು, ಕನ್ನಡ ಮಾಧ್ಯಮದಲ್ಲಿ ಓದಿದವರು. ‘ಸ್ಯಾಂಕ್ಷನ್’ ಅವರಿಗೆ ಹೊಸ ಪದವಲ್ಲ. ಬೋರ್‌ವೆಲ್ ಸ್ಯಾಂಕ್ಷನ್ ಆಯ್ತು, ಮನೆ ಸ್ಯಾಂಕ್ಷನ್ ಆಯ್ತು, ಸಾಲ ಸ್ಯಾಂಕ್ಷನ್ ಆಗಲಿಲ್ಲ ಅಂತ ಮನೆಯಲ್ಲೇ ಕೇಳಿಕೊಂಡು ಬೆಳೆದಿದ್ದಾರೆ. ಆದ್ರೆ ಇಂಗ್ಲಿಷ್ ಪೇಪರಿನಲ್ಲಿ ರಷ್ಯಾ ಮೇಲೆ ಸ್ಯಾಂಕ್ಷನ್, ಇರಾನ್ ಮೇಲೆ ಸ್ಯಾಂಕ್ಷನ್ ಅಂತ ಓದಿದಾಗ ಗಲಿಬಿಲಿಯಾಗುತ್ತದೆ. ‘ಅಮೆರಿಕ ರಷ್ಯಾಕ್ಕೆ ಏನು ಮಂಜೂರು ಮಾಡ್ತು ಸರ?’ ಅಂತ ಕೇಳುತ್ತಾರೆ. ಕೇಳುವುದು ನ್ಯಾಯವೇ.

ಎರಡು ಅರ್ಥ ಬರೆಸಿ ಬಾಯಿಪಾಠ ಮಾಡಿಸಿದರೆ ನನ್ನ ಕೆಲಸ ಮುಗಿಯುತ್ತದೆ. ಆದ್ರೆ ಕಾರಣ ತಿಳಿದರೆ ಮಾತ್ರ ಮಕ್ಕಳು ಮರೆಯುವುದಿಲ್ಲ. ಒಂದೇ ಪದಕ್ಕೆ ‘ಒಪ್ಪಿಗೆ’, ‘ಶಿಕ್ಷೆ’ ಎರಡೂ ಅರ್ಥ ಹೇಗೆ ಬಂತು? ನಾವು ದಿನಾ ಆಡುವ ಮಂಜೂರಿ, ಪರವಾನಗಿ ಇವುಗಳ ಮೂಲವೇನು? ಗೊತ್ತಿದ್ದವರು ವಿವರವಾಗಿಯೇ ಬರೆಯಿರಿ.

ಕ್ಯಾಶ್ ಕೌಂಟರ್, ಗೋಕಾಕ

ಸರ್, ನಾನು ಬ್ಯಾಂಕಿನಲ್ಲಿ ಇದ್ದು ನಿವೃತ್ತನಾದವನು. ಪದದ ಮೂಲ ಬಲ್ಲವರು ಹೇಳಲಿ. ಅದಕ್ಕೂ ಮೊದಲು ನಿಮ್ಮ ಮಕ್ಕಳಿಗೆ ಒಂದು ಮಾತು ಖಂಡಿತ ಹೇಳಿ. ಸ್ಯಾಂಕ್ಷನ್ ಆಯ್ತು ಅಂದ್ರೆ ದುಡ್ಡು ಬಂತು ಅಂತ ಅಲ್ಲ. ಸ್ಯಾಂಕ್ಷನ್ ಲೆಟರ್ ಅಂದ್ರೆ ‘ಇಷ್ಟು ಸಾಲ, ಇಷ್ಟು ಬಡ್ಡಿಗೆ, ಈ ಷರತ್ತುಗಳ ಮೇಲೆ ಕೊಡಲು ಒಪ್ಪಿದ್ದೇವೆ’ ಅನ್ನುವ ಕಾಗದ. ಆಮೇಲೆ ಅಡಮಾನ ಪತ್ರ ಆಗಬೇಕು, ಉತಾರದಲ್ಲಿ (ಪಹಣಿಯಲ್ಲಿ) ಬೋಜಾ, ಅಂದ್ರೆ ಸಾಲದ ನಮೂದು, ಏರಬೇಕು, ಜಾಮೀನುದಾರರ ಸಹಿ ಆಗಬೇಕು. ಅವೆಲ್ಲ ಆದ ಮೇಲೆ ಹಣ ಬಿಡುಗಡೆ. ಮನೆ ಸಾಲವಾದರೆ ಅದೂ ಕಂತಿನಲ್ಲಿ, ಪಾಯ ಎದ್ದ ಮೇಲೆ ಒಂದಿಷ್ಟು, ಸ್ಲ್ಯಾಬ್ ಬಿದ್ದ ಮೇಲೆ ಒಂದಿಷ್ಟು.

ಎಷ್ಟೋ ರೈತರು ಸ್ಯಾಂಕ್ಷನ್ ಆಗಿದೆ ಅನ್ನುವ ಮಾತು ನಂಬಿ ಹೊರಗೆ ಕೈಸಾಲ ಮಾಡಿ ಕಟ್ಟಡ ಶುರು ಮಾಡಿದ್ದನ್ನು ನೋಡಿದ್ದೇನೆ. ಹಣ ತಡವಾಯಿತು ಅಂದ್ರೆ ಕೈಸಾಲದ ಬಡ್ಡಿ ಅವರ ತಲೆ ಮೇಲೆ. ಕಾಗದದಲ್ಲಿರುವ ಷರತ್ತುಗಳನ್ನು ಯಾರೂ ಕೂತು ಓದಿ ಹೇಳುವುದಿಲ್ಲ, ಅದು ನನಗೆ ತುಂಬಾ ಸಂಕಟ.

ವಕೀಲಕ್ಕ, ಬೆಳಗಾವಿ

ಮಾಸ್ತರರೇ, ಒಳ್ಳೆಯ ಪ್ರಶ್ನೆ ಕೇಳಿದ್ದೀರಿ. ಇದಕ್ಕೆ ಉತ್ತರ ರೋಮನ್ ಕಾಯ್ದೆಯಲ್ಲಿದೆ. ನೀವು ವಿಜಯಪುರದವರಾದ್ದರಿಂದ ನಿಮ್ಮ ಮಕ್ಕಳಿಗೆ ಬಹಳ ಸುಲಭವಾಗಿ ಅರ್ಥವಾಗುತ್ತದೆ, ಯಾಕೆ ಅಂತ ಮುಂದೆ ಹೇಳುತ್ತೇನೆ.

ಲ್ಯಾಟಿನ್‌ನಲ್ಲಿ ‘ಸಂಕಿರೆ’ ಅನ್ನುವ ಕ್ರಿಯಾಪದ ಇದೆ. ಪವಿತ್ರ ಅಂತ ಸಾರಿ ಗಟ್ಟಿ ಮಾಡುವುದು, ಯಾರೂ ಮುಟ್ಟದ ಹಾಗೆ ಮಾಡುವುದು ಅಂತ ಅದರ ಅರ್ಥ. ಅದರಿಂದ ‘ಸಂಕ್ಟುಸ್’ ಬಂತು. ಇಂಗ್ಲಿಷಿನ ಸೇಂಟ್, ಸ್ಯಾಂಕ್ಚುಅರಿ ಎಲ್ಲ ಅದೇ ಮನೆತನ. ‘ಸಂಕ್ಟಿಯೊ’ ಅನ್ನುವುದೂ ಅಲ್ಲಿಂದಲೇ ಬಂತು. ರೋಮನ್ನರು ಒಂದು ಕಾಯ್ದೆಯ ಯಾವ ಭಾಗವನ್ನು ಸಂಕ್ಟಿಯೊ ಅನ್ನುತ್ತಿದ್ದರು ಗೊತ್ತೇ? ಈ ಕಾಯ್ದೆ ಮುರಿದರೆ ಇಂಥ ಶಿಕ್ಷೆ ಅಂತ ಹೇಳುವ ಭಾಗವನ್ನು.

ಚಕ್ರವರ್ತಿ ಜಸ್ಟಿನಿಯನ್ 533ರಲ್ಲಿ ಕಾಯ್ದೆ ಓದುವ ಹುಡುಗರಿಗಾಗಿಯೇ ‘ಇನ್ಸ್‌ಟಿಟ್ಯೂಟ್ಸ್’ ಅನ್ನುವ ಪಠ್ಯ ಹೊರಡಿಸಿದ. ಅದರಲ್ಲಿ ಇದನ್ನು ನೇರವಾಗಿ ಬಿಡಿಸಿ ಹೇಳಿದ್ದಾರೆ. ಊರಿನ ಕೋಟೆಗೋಡೆ, ಕೋಟೆಬಾಗಿಲು ಇವು ‘ಸಂಕ್ಟ’. ಅವುಗಳಿಗೆ ಧಕ್ಕೆ ಮಾಡಿದವನಿಗೆ ಮರಣದಂಡನೆ ಇಟ್ಟಿದ್ದರಿಂದ ಅವನ್ನು ಹಾಗೆ ಕರೆಯುತ್ತೇವೆ. ಕಾಯ್ದೆಗಳಲ್ಲಿ ದಂಡನೆ ಗೊತ್ತು ಮಾಡುವ ಭಾಗಗಳನ್ನು ‘ಸಂಕ್ಟಿಯೊ’ ಅನ್ನುವುದೂ ಇದೇ ಕಾರಣಕ್ಕೆ ಅಂತ ಅಲ್ಲಿದೆ.

ಈಗ ಮಕ್ಕಳನ್ನು ನಿಮ್ಮೂರ ಕೋಟೆಬಾಗಿಲು ಮಕ್ಕಾ ದರ್ವಾಜಾದ ಹತ್ತಿರ ಕರೆದುಕೊಂಡು ಹೋಗಿ ಈ ಮಾತು ಹೇಳಿ. ಗೋಡೆ ಪವಿತ್ರ ಯಾಕೆ? ಅದರ ಹಿಂದೆ ಶಿಕ್ಷೆ ನಿಂತಿದೆ, ಅದಕ್ಕೆ. ಕಾಯ್ದೆ ಗಟ್ಟಿ ಯಾಕೆ? ಅದೂ ಅದೇ ಕಾರಣಕ್ಕೆ. ಗಟ್ಟಿ ಮಾಡುವುದು, ಶಿಕ್ಷೆ ಇಡುವುದು ರೋಮನ್ನರಿಗೆ ಬೇರೆಬೇರೆ ಆಗಿರಲಿಲ್ಲ.

ಇಂಗ್ಲಿಷಿಗೆ ಈ ಪದ 16ನೇ ಶತಮಾನದಲ್ಲಿ ಬಂದಾಗ ಬರೀ ‘ಕಾಯ್ದೆ, ಶಾಸನ’ ಅನ್ನುವ ಅರ್ಥವಿತ್ತು. ಕಾಯ್ದೆಯ ಹಿಂದಿರುವ ದಂಡನೆ ಅನ್ನುವ ಅರ್ಥ 17ನೇ ಶತಮಾನದಲ್ಲಿ ಕಾಣುತ್ತದೆ. ಕಾಯ್ದೆಯ ಬಲ ಕೊಟ್ಟು ಗಟ್ಟಿ ಮಾಡುವುದು ಅನ್ನುವ ಕಡೆಯಿಂದ ‘ಅಧಿಕಾರಸ್ಥರ ಒಪ್ಪಿಗೆ’ ಅನ್ನುವ ಅರ್ಥ ಬೆಳೆಯಿತು. ಆ ಅರ್ಥದ ಕ್ರಿಯಾಪದ 18ನೇ ಶತಮಾನದ ಕೊನೆಗೆ ಬಳಕೆಗೆ ಬಂತು. ಕಂಪನಿ ಸರ್ಕಾರ ನಮ್ಮ ಕಡೆ ಕಾಲಿಟ್ಟಿದ್ದು ಅದಾದ ಸ್ವಲ್ಪ ಕಾಲಕ್ಕೇ. ಅದಕ್ಕೇ ನಮ್ಮ ಕಚೇರಿಗಳಿಗೆ ಬಂದದ್ದು ಒಪ್ಪಿಗೆಯ ಅರ್ಥ. ಶಿಕ್ಷೆಯ ಅರ್ಥ ಪೇಪರಿನಿಂದ ಬಂತು, ಅದೂ ತಡವಾಗಿ.

ಬಿಎ ಎರಡನೇ ವರ್ಷ, ಇಳಕಲ್

ಅಕ್ಕಾ, ಸೇಂಟ್ ಮತ್ತು ನಮ್ಮ ‘ಸಂತ’ ಒಂದೇನಾ ಹಾಗಾದ್ರೆ? ಕೇಳಲು ಒಂದೇ ತರ ಇವೆ, ಅರ್ಥವೂ ಒಂದೇ.

ವಕೀಲಕ್ಕ, ಬೆಳಗಾವಿ

ಇಲ್ಲ ತಂಗಿ. ತುಂಬಾ ಜನ ಹಾಗೆ ಅಂದುಕೊಳ್ಳುತ್ತಾರೆ. ಸಂತ ಬಂದದ್ದು ಸಂಸ್ಕೃತದ ‘ಸತ್’ ಅನ್ನುವ ಪದದಿಂದ. ಇರುವುದು, ನಿಜವಾದದ್ದು, ಒಳ್ಳೆಯದು ಅಂತ ಅರ್ಥ. ಸೇಂಟ್ ಬಂದದ್ದು ಸಂಕ್ಟುಸ್‌ನಿಂದ. ಬೇರು ಬೇರೆ, ದನಿ ಒಂದೇ ತರ ಆಗಿದೆ ಅಷ್ಟೇ.

ಹಳೆ ದಫ್ತರ, ಬೆಳಗಾವಿ

ಮಾಸ್ತರರ ಎರಡನೇ ಪ್ರಶ್ನೆಗೆ ನಾನು ಬರೆಯುತ್ತೇನೆ. ಕಂದಾಯ ಇಲಾಖೆಯಲ್ಲಿ ದಫ್ತರ ನೋಡಿಕೊಂಡೇ ನನ್ನ ನೌಕರಿ ಮುಗಿಯಿತು. ಹಳೆಯ ಕಾಗದಗಳಲ್ಲಿ ಮರಾಠಿ ಬರೆಯುತ್ತಿದ್ದ ಮೋಡಿ ಲಿಪಿ, ಕನ್ನಡ, ಇಂಗ್ಲಿಷ್ ಮೂರೂ ಇರುತ್ತಿದ್ದವು. ಆಗಿನಿಂದ ಈ ಪದಗಳ ಹುಚ್ಚು ಹಿಡಿದಿದೆ.

‘ಮಂಜೂರು’ ಅರಬ್ಬಿ ಪದ. ಫಾರ್ಸಿ, ಮರಾಠಿ ದಾಟಿ ನಮಗೆ ಬಂತು. ಮೂಲ ಅರ್ಥ ‘ನೋಡಿದ್ದು’. ನಜರು ಅಂತ ಅನ್ನುತ್ತೇವಲ್ಲ, ಅದೇ ಬೇರು. ಅಧಿಕಾರಿಯ ನಜರು ಬಿದ್ದರೆ ಅದು ಮಂಜೂರು, ಇಷ್ಟೇ. ‘ನಜರಾಣೆ’ ಮಾತ್ರ ಈ ಗುಂಪಿಗೆ ಸೇರುವುದಿಲ್ಲ. ಅದು ಹರಕೆ, ಕಾಣಿಕೆ ಅನ್ನುವ ಅರ್ಥದ ಬೇರೆ ಅರಬ್ಬಿ ಪದದಿಂದ ಬಂದದ್ದು. ಕನ್ನಡದಲ್ಲಿ ಎರಡೂ ‘ಜ’ ಆದವು, ಅರಬ್ಬಿಯಲ್ಲಿ ಅಕ್ಷರ ಬೇರೆ.

‘ಪರವಾನಗಿ’ ಫಾರ್ಸಿಯ ‘ಪರ್ವಾನಾ’ದಿಂದ ಬಂತು. ಇದರಲ್ಲಿ ಒಂದು ಸೂಕ್ಷ್ಮ ಇದೆ. ಫರ್ಮಾನು ಅಂದ್ರೆ ದೊರೆಯ ಆಜ್ಞೆ. ಪರ್ವಾನಾ ಅಂದ್ರೆ ಅವನ ಕೆಳಗಿನ ಅಧಿಕಾರಿ ಹೊರಡಿಸುವ ಕಾಗದ. ವಿಜಯಪುರದಲ್ಲಿ ಆದಿಲ್‌ಶಾಹಿ ಆಳ್ವಿಕೆ 1686ರಲ್ಲಿ ಮುಗಿಯಿತು, ಫರ್ಮಾನುಗಳು ಈಗ ಇತಿಹಾಸದವರ ಕೈಯಲ್ಲಿವೆ. ಪರವಾನಗಿ ಮಾತ್ರ ಇಂದಿಗೂ ಕೆಳಗಿನ ಕಚೇರಿಯಲ್ಲೇ ಸಿಗುತ್ತದೆ. ಕೆಲವರು ಪರವಾನಿಗೆ ಅಂತ ಬರೆಯುತ್ತಾರೆ, ಸರ್ಕಾರಿ ಕಾಗದಗಳಲ್ಲಿ ಎರಡೂ ಇವೆ.

‘ಸನದು’ ಅಂದ್ರೆ ಅರಬ್ಬಿಯಲ್ಲಿ ಆಧಾರ, ಒರಗಿಕೊಳ್ಳುವ ವಸ್ತು. ಇನಾಮು ಜಮೀನಿಗೆ, ವತನಕ್ಕೆ (ವಂಶಪಾರಂಪರ್ಯ ಹುದ್ದೆಯ ಹಕ್ಕಿಗೆ) ಸನದು ಕೊಡುತ್ತಿದ್ದರು. ಈಗ ವಕೀಲಕ್ಕನವರ ಹತ್ತಿರ ಒಂದು ಇರಬೇಕು. ವಕೀಲಿ ಮಾಡಲು ವಕೀಲರ ಪರಿಷತ್ತಿನಲ್ಲಿ ಹೆಸರು ನೋಂದಾಯಿಸಿದಾಗ ಕೊಡುವುದನ್ನು ನಮ್ಮ ಕಡೆ ಇಂದಿಗೂ ಸನದು ಅಂತಲೇ ಅನ್ನುತ್ತಾರೆ.

ನನಗೆ ಎಲ್ಲಕ್ಕಿಂತ ಇಷ್ಟವಾದದ್ದು ‘ರಜಾ’. ಸಾಲಿಗೆ ಸೂಟಿ ಅನ್ನುತ್ತೇವೆ, ಆಫೀಸಿಗೆ ರಜಾ ಅನ್ನುತ್ತೇವೆ. ಈ ರಜಾ ಅರಬ್ಬಿಯ ‘ರಿಜಾ’. ಮನಸ್ಸಿನಿಂದ ಒಪ್ಪುವುದು ಅಂತ ಅರ್ಥ. ಅಂದ್ರೆ ರಜಾ ಅನ್ನುವುದು ಮೊದಲು ಬಿಡುವು ಆಗಿರಲಿಲ್ಲ, ಹೋಗಲು ಸಾಹೇಬರು ಕೊಟ್ಟ ಒಪ್ಪಿಗೆ ಆಗಿತ್ತು. ಇಂಗ್ಲಿಷಿನ ‘ಲೀವ್’ ಕೂಡ ಹೀಗೇ. ಹಳೆಯ ಇಂಗ್ಲಿಷಿನಲ್ಲಿ ಅದಕ್ಕೆ ಅನುಮತಿ ಅಂತ ಅರ್ಥ. ಬಿಟ್ಟು ಹೋಗು ಅನ್ನುವ ‘ಲೀವ್’ ಬೇರೆ ಪದ. ಒಬ್ಬರನ್ನೊಬ್ಬರು ಕಾಣದ ಎರಡು ಭಾಷೆಗಳಲ್ಲಿ ಒಂದೇ ದಾರಿ ಆಗಿದೆ ನೋಡಿ.

‘ರಾಜಿ’ಯೂ ಅದೇ ಬೇರು. ‘ರಾಜೀನಾಮೆ’ ಅಂದ್ರೆ ಒಪ್ಪಿ ಬರೆದುಕೊಟ್ಟ ಕಾಗದ. ಉರ್ದುವಿನಲ್ಲಿ ಇಂದಿಗೂ ಅದು ರಾಜಿ ಪತ್ರವೇ, ನೌಕರಿ ಬಿಡುವುದಕ್ಕೆ ಅವರು ಇಸ್ತೀಫಾ ಅನ್ನುತ್ತಾರೆ. ನಮ್ಮಲ್ಲಿ ಮಾತ್ರ ರಾಜೀನಾಮೆ ಅಂದ್ರೆ ಬಿಟ್ಟುಬಿಡುವುದು. ಇದರ ಹಿಂದೆ ಬ್ರಿಟಿಷರ ಕಾಲದ ಮುಂಬೈ ಪ್ರಾಂತ್ಯದ ಕಂದಾಯ ಪದ್ಧತಿ ಇದೆ. ಆಗ ರೈತ ತನ್ನ ಜಮೀನು ಬಿಟ್ಟುಕೊಡುವಾಗ ರಾಜೀನಾಮೆ ಬರೆದುಕೊಡುತ್ತಿದ್ದ, ಅದನ್ನು ಹಿಡಿಯುವವನು ಕಬುಲಾಯತಿ, ಅಂದ್ರೆ ಒಪ್ಪಿಕೊಂಡ ಕಾಗದ, ಬರೆದುಕೊಡುತ್ತಿದ್ದ. ಹಳೆ ದಫ್ತರದಲ್ಲಿ ಇವೆರಡೂ ಕಾಗದ ಜೋಡಿಯಾಗಿ ಸಿಗುತ್ತವೆ. ಅವನ್ನು ಕೈಯಲ್ಲಿ ಹಿಡಿದಾಗ ಯಾವ ಬರಗಾಲಕ್ಕೆ ಯಾರು ಹೊಲ ಬಿಟ್ಟರೋ ಅನ್ನಿಸುತ್ತಿತ್ತು.

ಕ್ಯಾಶ್ ಕೌಂಟರ್, ಗೋಕಾಕ

‘ಬಗರ್ ಹುಕುಂ’ ಬಿಟ್ಟಿರಿ ಸಾಹೇಬರೇ.

ಹಳೆ ದಫ್ತರ, ಬೆಳಗಾವಿ

ಹೌದು, ಅದು ಬರಲೇಬೇಕು. ‘ಬಗೈರ್’ ಅಂದ್ರೆ ಇಲ್ಲದೆ, ‘ಹುಕುಂ’ ಅಂದ್ರೆ ಆಜ್ಞೆ. ಅಪ್ಪಣೆ ಇಲ್ಲದೆ ಸರ್ಕಾರಿ ಜಮೀನು ಸಾಗು ಮಾಡುವುದು. ಆ ಸಾಗು ಸಕ್ರಮ ಮಾಡಿಸಿಕೊಳ್ಳಲು ನಮೂನೆ 50, ಆಮೇಲೆ 53, ಆಮೇಲೆ 57 ಅಂತ ಅರ್ಜಿ ಕರೆದಾಗಲೆಲ್ಲ ಕಚೇರಿ ಮುಂದೆ ಜನ ನಿಲ್ಲುತ್ತಿದ್ದರು. ಅಜ್ಜ ಉತ್ತ ಹೊಲ, ಅಪ್ಪ ಉತ್ತ ಹೊಲ, ಕಾಗದದಲ್ಲಿ ಮಾತ್ರ ಹುಕುಂ ಇಲ್ಲ. ಒಪ್ಪಿಗೆಯ ಪದಗಳ ಬಗ್ಗೆ ಮಾತಾಡುವಾಗ ಅದು ಸಿಗದವರ ಪಾಡೂ ನೆನಪಿರಬೇಕು.

ಅಚ್ಚಗನ್ನಡ, ಧಾರವಾಡ ರಸ್ತೆ

ಎಲ್ಲ ಓದಿದೆ. ಖುಷಿಯಾಯಿತು. ಆದ್ರೆ ನನ್ನದೊಂದು ತಕರಾರು. ಇಷ್ಟೆಲ್ಲ ಅರಬ್ಬಿ, ಫಾರ್ಸಿ, ಲ್ಯಾಟಿನ್ ಯಾಕೆ ಹೊರಬೇಕು? ‘ಒಪ್ಪಿಗೆ’ ಅನ್ನುವ ಚೆಂದದ ಕನ್ನಡ ಪದ ಇದೆ. ಸಾಲಕ್ಕೆ ಒಪ್ಪಿಗೆ, ಮನೆಗೆ ಒಪ್ಪಿಗೆ ಅಂತ ಬರೆದರೆ ಮಕ್ಕಳಿಗೆ ಒಂದೇ ಪದ ಸಾಕು.

ಹಳೆ ದಫ್ತರ, ಬೆಳಗಾವಿ

ನಿಮ್ಮ ಕನ್ನಡದ ಪ್ರೀತಿ ನನಗೂ ಇದೆ. ಆದ್ರೆ ಒಪ್ಪಿಗೆ ಯಾರೂ ಕೊಡಬಹುದು. ಮಗಳ ಮದುವೆಗೆ ಅಜ್ಜಿಯ ಒಪ್ಪಿಗೆ ಬೇಕು, ಆದ್ರೆ ಅಜ್ಜಿ ಮದುವೆ ‘ಮಂಜೂರು’ ಮಾಡುವುದಿಲ್ಲ. ಮಂಜೂರಿ ಅಂದ ಕೂಡಲೇ ಒಂದು ಕಚೇರಿ, ಒಂದು ಅರ್ಜಿ, ಒಂದು ಮೊತ್ತ ಅಥವಾ ಒಂದು ಹಕ್ಕು ಕಣ್ಣ ಮುಂದೆ ಬರುತ್ತದೆ. ರೈತನಿಗೆ ಈ ಫರಕು ಬಾಯಲ್ಲೇ ಇದೆ. ಅದನ್ನು ಕಿತ್ತು ಒಂದೇ ಪದದಲ್ಲಿ ತುರುಕಿದರೆ ನಷ್ಟ ಕನ್ನಡಕ್ಕೇ.

ಇನ್ನು ‘ಅಪ್ಪಣೆ’ ಇದೆಯಲ್ಲ, ಅದು ಬಹಳ ದೊಡ್ಡ ಪದ. ಅಪ್ಪಣೆ ಆಯ್ತು ಅಂದ್ರೆ ಆಜ್ಞೆ. ಅಪ್ಪಣೆ ಕೊಡಿ ಹೋಗಿಬರ್ತೀನಿ ಅಂದ್ರೆ ಅನುಮತಿ. ದೇವರ ಮುಂದೆ ಹೂ ಇಟ್ಟು ಅಪ್ಪಣೆ ಕೇಳುತ್ತೇವೆ, ಬಲಗಡೆ ಬಿದ್ದರೆ ಆಯಿತು. ಆಜ್ಞೆ, ಅನುಮತಿ, ದೇವರು ಮೂರೂ ಒಂದೇ ಪದದಲ್ಲಿ ಇವೆ. ವಕೀಲಕ್ಕ ಹೇಳಿದ ಸಂಕ್ಟಿಯೊಗೆ ಹತ್ತಿರದ ಕನ್ನಡ ಪದ ಯಾವುದು ಅಂದ್ರೆ ನಾನು ಇದನ್ನೇ ತೋರಿಸುತ್ತೇನೆ.

ಬೈಲಹೊಂಗಲದವ

ದಫ್ತರ ಸಾಹೇಬರು ಹೇಳಿದ ‘ಅದು ಸಿಗದವರ ಪಾಡು’ ಓದಿ ಬರೆಯಬೇಕು ಅನ್ನಿಸಿತು. ನಮ್ಮ ನಾಡಿನಲ್ಲಿ ಮಂಜೂರಿ ಅನ್ನುವ ಒಂದು ಮಾತಿನ ಮೇಲೆ ಯುದ್ಧವೇ ಆಗಿದೆ.

1824ರ ಸೆಪ್ಟೆಂಬರಿನಲ್ಲಿ ಕಿತ್ತೂರಿನ ದೊರೆ ಶಿವಲಿಂಗರುದ್ರಸರ್ಜ ಮಕ್ಕಳಿಲ್ಲದೆ ತೀರಿಕೊಂಡ. ಶಿವಲಿಂಗಪ್ಪ ಅನ್ನುವ ಹುಡುಗನನ್ನು ದತ್ತು ತೆಗೆದುಕೊಂಡರು. ದತ್ತಕ ನಮ್ಮಲ್ಲಿ ಮನೆತನದ ವಿಷಯ, ಧರ್ಮದ ವಿಷಯ. ಧಾರವಾಡದಲ್ಲಿದ್ದ ಕಲೆಕ್ಟರ್ ಥ್ಯಾಕರೆ ಅದನ್ನು ಒಪ್ಪಲಿಲ್ಲ. ಸರ್ಕಾರದ ಅನುಮತಿ ಇಲ್ಲದೆ ಆದದ್ದು ಅನ್ನುವುದು ಕಂಪನಿಯವರ ವಾದ. ಅವನು ಕಿತ್ತೂರಿಗೇ ಬಂದು ಖಜಾನೆಗೆ ಕಾವಲು ಹಾಕಿಸಿದ. ಅಕ್ಟೋಬರ್ 23ರಂದು ಕೋಟೆಯ ಮುಂದೆ ಕಾಳಗ ಆಯಿತು, ಥ್ಯಾಕರೆ ಸತ್ತ. ಡಿಸೆಂಬರಿನಲ್ಲಿ ದೊಡ್ಡ ಸೈನ್ಯ ಬಂದು ಕಿತ್ತೂರು ಬಿತ್ತು. ರಾಣಿ ಚೆನ್ನಮ್ಮನನ್ನು ನಮ್ಮ ಬೈಲಹೊಂಗಲದಲ್ಲಿ ಸೆರೆಯಲ್ಲಿಟ್ಟರು. 1829ರಲ್ಲಿ ಇಲ್ಲೇ ತೀರಿಕೊಂಡಳು, ಸಮಾಧಿ ಇಲ್ಲೇ ಇದೆ.

ದತ್ತು ಮಕ್ಕಳಿಗೆ ಹಕ್ಕಿಲ್ಲ ಅಂತ ಗವರ್ನರ್ ಜನರಲ್ ಡಾಲ್‌ಹೌಸಿ ಸಾತಾರಾ ಸಂಸ್ಥಾನ ನುಂಗಿದ್ದು 1848ರಲ್ಲಿ. ಅದಕ್ಕಿಂತ 24 ವರ್ಷ ಮೊದಲೇ ಕಿತ್ತೂರಿನಲ್ಲಿ ಅದು ನಡೆದಿತ್ತು. 1857ರ ದಂಗೆ ಆದ ಮೇಲೆ ಬ್ರಿಟಿಷರಿಗೆ ಬುದ್ಧಿ ಬಂತು. 1862ರಲ್ಲಿ ವೈಸ್‌ರಾಯ್ ಕ್ಯಾನಿಂಗ್ ಕಾಲದಲ್ಲಿ ಅನೇಕ ಸಂಸ್ಥಾನಿಕರಿಗೆ ದತ್ತು ತೆಗೆದುಕೊಳ್ಳಲು ಸನದು ಕೊಟ್ಟರು. ಯಾವ ಹಕ್ಕಿಗಾಗಿ ಚೆನ್ನಮ್ಮ ಎಲ್ಲವನ್ನೂ ಕಳೆದುಕೊಂಡಳೋ ಅದನ್ನೇ ಆಮೇಲೆ ಒಂದು ಕಾಗದದ ಮೇಲೆ ಬೇರೆಯವರಿಗೆ ಬರೆದುಕೊಟ್ಟರು. ಮಾಸ್ತರರೇ, ಮಕ್ಕಳಿಗೆ ಸ್ಯಾಂಕ್ಷನ್ ಹೇಳಿಕೊಡುವಾಗ ದಯವಿಟ್ಟು ಇದನ್ನೂ ಹೇಳಿ. ಕೊಡುವವನಿಗೆ ಆ ಅಧಿಕಾರ ಎಲ್ಲಿಂದ ಬಂತು ಅಂತಲೂ ಮಕ್ಕಳು ಕೇಳಬೇಕು.

ಮುಧೋಳ ಓದುಗಿ

ಬೈಲಹೊಂಗಲದ ಅಣ್ಣಾರ, ನಿಮ್ಮ ಮಾತಿಗೆ ನಮ್ಮೂರ ಕಡೆಯದೂ ಒಂದು ಸೇರಿಸುತ್ತೇನೆ. ಹಲಗಲಿ ನಮ್ಮ ತಾಲ್ಲೂಕಿನ ಊರು. 1857ರಲ್ಲಿ ಬ್ರಿಟಿಷರು ಆಯುಧ ಕಸಿಯುವ ಕಾಯ್ದೆ ತಂದರು. ಪರವಾನಗಿ ಇಲ್ಲದೆ ಹತಾರ ಇಟ್ಟುಕೊಳ್ಳುವಂತಿಲ್ಲ ಅಂದರು. ಬೇಡರಿಗೆ ಹತಾರ ಅಂದ್ರೆ ಬೇಟೆ, ಹೊಟ್ಟೆಪಾಡು, ಮಾನ ಎಲ್ಲವೂ. ಕೊಡುವುದಿಲ್ಲ ಅಂದರು. ಆ ನವೆಂಬರಿನಲ್ಲಿ ಸೈನ್ಯ ಬಂದು ಊರಿಗೆ ಬೆಂಕಿ ಇಟ್ಟಿತು. ಹಿಡಿದವರಲ್ಲಿ ಹಲವರನ್ನು ಗಲ್ಲಿಗೇರಿಸಿದರು. ಲಾವಣಿಯಲ್ಲಿ ಇದನ್ನು ಇಂದಿಗೂ ಹಾಡುತ್ತಾರೆ, ಸಾಲಿ ಪುಸ್ತಕದಲ್ಲೂ ಓದಿದ್ದೇವೆ.

ನಾನು ಸಣ್ಣವಳಿದ್ದಾಗ ಇದನ್ನು ಬರೀ ಶೌರ್ಯದ ಕತೆ ಅಂತ ಓದಿದ್ದೆ. ವಕೀಲಕ್ಕನ ಬರಹ ಓದಿದ ಮೇಲೆ ಇನ್ನೊಂದು ಕಾಣುತ್ತದೆ. ಒಪ್ಪಿಗೆ, ಶಿಕ್ಷೆ ಎರಡೂ ಒಂದೇ ಕಾಗದದ ಎರಡು ಮಗ್ಗುಲು. ಪರವಾನಗಿ ಬೇಕು ಅಂತ ಸಾರಿದ ದಿನವೇ ಅದಿಲ್ಲದವನು ಅಪರಾಧಿಯಾದ. ನಿನ್ನೆ ತನಕ ಅವನು ಸುಮ್ನೆ ಬೇಟೆಗಾರ.

ಗಚ್ಚಿನ ಮನೆ, ವಿಜಯಪುರ

ಎರಡು ಮಗ್ಗುಲು ಅಂದ್ರಲ್ಲ ಅಕ್ಕಾರ, ಅದನ್ನು ನಾನು ದಿನಾ ಅನುಭವಿಸುತ್ತಿದ್ದೇನೆ. ನಮ್ಮ ಮನೆ ಒಂದು ಸಂರಕ್ಷಿತ ಸ್ಮಾರಕದ ಮಗ್ಗುಲಲ್ಲೇ ಇದೆ. ಅಜ್ಜ ಕಟ್ಟಿಸಿದ್ದು. ಮಾಳಿಗೆ ಸೋರುತ್ತದೆ, ಒಂದು ಗೋಡೆ ಬಿರುಕು ಬಿಟ್ಟಿದೆ. ದುರಸ್ತಿ ಮಾಡಿಸಲು ಒಂದು ಕಚೇರಿಗೆ ಹೋದರೆ ‘ಇಲ್ಲಿ ಏನೂ ಮಾಡುವಂತಿಲ್ಲ’ ಅಂದರು. ಇನ್ನೊಂದು ಕಡೆ ‘ಮೊದಲು ಅಲ್ಲಿಂದ ಎನ್‌ಒಸಿ (ನಿರಾಕ್ಷೇಪಣಾ ಪತ್ರ) ತನ್ನಿ’ ಅಂದರು. ಮಾಡಿಸಿದರೆ ಕೇಸು, ಬಿಟ್ಟರೆ ಮಳೆಗಾಲಕ್ಕೆ ಮನೆ ಬೀಳುತ್ತದೆ. ಸ್ಮಾರಕ ಉಳಿಯಬೇಕು ಅನ್ನುವುದರಲ್ಲಿ ನನಗೆ ಎರಡು ಮಾತಿಲ್ಲ, ಗುಮ್ಮಟ ನೋಡುತ್ತಲೇ ಬೆಳೆದವನು ನಾನು. ಆದ್ರೆ ನಾವೂ ಬದುಕಬೇಕಲ್ವಾ?

ವಕೀಲಕ್ಕ, ಬೆಳಗಾವಿ

ಅಣ್ಣಾರ, ‘ಏನೂ ಮಾಡುವಂತಿಲ್ಲ’ ಅನ್ನುವುದು ಸರಿಯಲ್ಲ. ಕಾಯ್ದೆ ಹೇಳುವುದನ್ನು ಬಿಡಿಸಿ ಹೇಳುತ್ತೇನೆ.

ಪ್ರಾಚೀನ ಸ್ಮಾರಕಗಳ ಕೇಂದ್ರ ಕಾಯ್ದೆಗೆ 2010ರಲ್ಲಿ ತಿದ್ದುಪಡಿ ಬಂತು. ಸಂರಕ್ಷಿತ ಜಾಗದ ಗಡಿಯಿಂದ 100 ಮೀಟರ್ ತನಕ ನಿಷೇಧಿತ ಪ್ರದೇಶ. ಅಲ್ಲಿಂದ ಮುಂದೆ ಇನ್ನೂ 200 ಮೀಟರ್ ನಿಯಂತ್ರಿತ ಪ್ರದೇಶ. ನಿಷೇಧಿತ ಪ್ರದೇಶದಲ್ಲಿ ಹೊಸ ಕಟ್ಟಡ ಕಟ್ಟುವಂತಿಲ್ಲ. ಆದ್ರೆ ಮೊದಲೇ ಇದ್ದ ಮನೆಯ ದುರಸ್ತಿ, ನವೀಕರಣಕ್ಕೆ ಅನುಮತಿ ಕೇಳಲು ಅವಕಾಶ ಇದೆ. ನಿಯಂತ್ರಿತ ಪ್ರದೇಶದಲ್ಲಿ ಅನುಮತಿ ಪಡೆದು ಹೊಸದಾಗಿಯೂ ಕಟ್ಟಬಹುದು. ಅರ್ಜಿ ಹಾಕಬೇಕಾದದ್ದು ಈ ಕಾಯ್ದೆಯಡಿ ನೇಮಿಸಿದ ಸಕ್ಷಮ ಪ್ರಾಧಿಕಾರಕ್ಕೆ. ಅವರು ಅದನ್ನು ರಾಷ್ಟ್ರೀಯ ಸ್ಮಾರಕ ಪ್ರಾಧಿಕಾರಕ್ಕೆ ಕಳಿಸಿ ಅಭಿಪ್ರಾಯ ಪಡೆಯುತ್ತಾರೆ. ಅನುಮತಿ ಇಲ್ಲದೆ ಕಟ್ಟಿದರೆ ಎರಡು ವರ್ಷದ ತನಕ ಜೈಲು, ಒಂದು ಲಕ್ಷದ ತನಕ ದಂಡ, ಅಥವಾ ಎರಡೂ ಆಗಬಹುದು. ಅದಕ್ಕೇ ಬಾಯಿ ಮಾತು ನಂಬಿ ಕೆಲಸ ಶುರು ಮಾಡಬೇಡಿ. ಅರ್ಜಿ ಬರವಣಿಗೆಯಲ್ಲಿ ಕೊಡಿ, ಸ್ವೀಕೃತಿ ತೆಗೆದುಕೊಳ್ಳಿ. ಮನೆಯ ಹಳೆಯ ಉತಾರ, ತೆರಿಗೆ ಪಾವತಿ, ಈಗಿನ ಫೋಟೋ ಎಲ್ಲ ಜೋಡಿಸಿ. ಮನೆ ಎಷ್ಟು ಹಳೆಯದು ಅಂತ ತೋರಿಸುವ ಕಾಗದವೇ ನಿಮ್ಮ ಬಲ.

ಜಸ್ಟಿನಿಯನ್ ಹೇಳಿದ ಕೋಟೆಗೋಡೆ ಇಲ್ಲಿ ಮತ್ತೆ ಬಂತು ನೋಡಿ. ಗೋಡೆ ಮುಟ್ಟಬಾರದು ಅಂತ ಶಿಕ್ಷೆ ಇದೆ, ಮುಟ್ಟದ ಹಾಗೆ ಪಕ್ಕದಲ್ಲಿ ಬದುಕಲು ಅನುಮತಿಯೂ ಅದೇ ಕಾಯ್ದೆಯಲ್ಲಿದೆ.

ಗಚ್ಚಿನ ಮನೆ, ವಿಜಯಪುರ

ಇಷ್ಟು ಸ್ಪಷ್ಟವಾಗಿ ಯಾರೂ ಹೇಳಿರಲಿಲ್ಲ ಅಕ್ಕಾರ. ಅಜ್ಜನ ಹೆಸರಿನ ತೆರಿಗೆ ಪಾವತಿಗಳು ಟ್ರಂಕಿನಲ್ಲಿವೆ. ಈ ವಾರವೇ ಅರ್ಜಿ ಬರೆಯುತ್ತೇನೆ.

ಗುತ್ತಿಗೆದಾರ, ಜಮಖಂಡಿ

ನಮ್ಮ ರಸ್ತೆ, ಕಾಲುವೆ ಕೆಲಸದಲ್ಲೂ ಎರಡು ಇವೆ. ಆಡಳಿತಾತ್ಮಕ ಅನುಮೋದನೆ ಅಂದ್ರೆ ಈ ಕೆಲಸ ಬೇಕು, ಇಷ್ಟು ದುಡ್ಡು ಆಗಬಹುದು ಅಂತ ಇಲಾಖೆ ಒಪ್ಪುವುದು. ತಾಂತ್ರಿಕ ಮಂಜೂರಾತಿ ಅಂದ್ರೆ ಎಂಜಿನಿಯರು ಅಂದಾಜು ಪಟ್ಟಿ, ನಕ್ಷೆ ನೋಡಿ ಇದು ಸರಿ ಇದೆ ಅಂತ ಸಹಿ ಹಾಕುವುದು. ಮೊದಲನೆಯದು ಆದ ಕೂಡಲೇ ಊರಲ್ಲಿ ರಸ್ತೆ ಸ್ಯಾಂಕ್ಷನ್ ಆಯ್ತು ಅಂತ ಫ್ಲೆಕ್ಸ್ ಬೀಳುತ್ತದೆ. ಟೆಂಡರ್ ಇನ್ನೂ ದೂರ ಇರುತ್ತದೆ.

ಮಾಸ್ತರ, ವಿಜಯಪುರ

ಎಲ್ಲರಿಗೂ ಕೈಮುಗಿಯುತ್ತೇನೆ. ಇಷ್ಟು ಸಿಗುತ್ತದೆ ಅಂತ ಎಣಿಸಿರಲಿಲ್ಲ. ಇನ್ನೆರಡು ಕೇಳುತ್ತೇನೆ. ಭ್ರಷ್ಟಾಚಾರದ ಕೇಸುಗಳಲ್ಲಿ ‘ಪ್ರಾಸಿಕ್ಯೂಷನ್ ಸ್ಯಾಂಕ್ಷನ್’ ಅಂತ ಬರುತ್ತದಲ್ಲ, ಅದು ಯಾವ ಅರ್ಥ? ದೇಶಗಳ ಮೇಲಿನ ಸ್ಯಾಂಕ್ಷನ್‌ಗೆ ಕನ್ನಡದಲ್ಲಿ ಏನು ಬರೆಸಲಿ? ಒಂದು ಪೇಪರಿನಲ್ಲಿ ನಿರ್ಬಂಧ, ಇನ್ನೊಂದರಲ್ಲಿ ದಿಗ್ಬಂಧನ ಅಂತ ಇರುತ್ತದೆ.

ವಕೀಲಕ್ಕ, ಬೆಳಗಾವಿ

ಮೊದಲನೆಯದು ಒಪ್ಪಿಗೆಯ ಅರ್ಥ. ಸರ್ಕಾರಿ ನೌಕರ ಕರ್ತವ್ಯದ ಭಾಗವಾಗಿ ಮಾಡಿದ ಕೆಲಸಕ್ಕೆ ಅವನ ಮೇಲೆ ಕೇಸು ನಡೆಸಬೇಕಾದರೆ ಸರ್ಕಾರದ ಪೂರ್ವ ಮಂಜೂರಾತಿ ಬೇಕು. ಹಳೆಯ ದಂಡ ಪ್ರಕ್ರಿಯಾ ಸಂಹಿತೆಯಲ್ಲಿ ಇದು 197ನೇ ಕಲಂ. 2024ರ ಜುಲೈ 1ರಿಂದ ಬಂದ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯಲ್ಲಿ 218. ಈ ಹೊಸ ಕಲಮಿನಲ್ಲಿ 120 ದಿನದೊಳಗೆ ಸರ್ಕಾರ ತೀರ್ಮಾನ ಮಾಡದಿದ್ದರೆ ಮಂಜೂರಾತಿ ಸಿಕ್ಕಿದೆ ಅಂತಲೇ ತಿಳಿಯಬೇಕು. ಭ್ರಷ್ಟಾಚಾರ ತಡೆ ಕಾಯ್ದೆ, 1988ರಲ್ಲಿ ಇಂಥದ್ದೇ 19ನೇ ಕಲಂ ಇದೆ. ಶಿಕ್ಷೆಯ ದಾರಿ ತೆರೆಯಲು ಒಪ್ಪಿಗೆ ಕೊಡುವುದು, ಮಕ್ಕಳಿಗೆ ಇದಕ್ಕಿಂತ ಒಳ್ಳೆಯ ಉದಾಹರಣೆ ಬೇಕಾಗಿಲ್ಲ.

ದೇಶಗಳ ವಿಷಯಕ್ಕೆ ಬಂದರೆ, ಆ ಅರ್ಥ ಮೊದಲ ಮಹಾಯುದ್ಧದ ನಂತರ ರಾಷ್ಟ್ರಸಂಘದ (ಲೀಗ್ ಆಫ್ ನೇಷನ್ಸ್) ಕಾಲದಲ್ಲಿ ಗಟ್ಟಿಯಾಯಿತು. 1935ರಲ್ಲಿ ಇಟಲಿ ಅಬಿಸೀನಿಯಾ (ಈಗಿನ ಇಥಿಯೋಪಿಯಾ) ಮೇಲೆ ಏರಿ ಹೋದಾಗ ರಾಷ್ಟ್ರಸಂಘ ಅದರ ಮೇಲೆ ವ್ಯಾಪಾರದ ನಿರ್ಬಂಧ ಹಾಕಿತು. ಎಣ್ಣೆಯನ್ನು ಮಾತ್ರ ತಡೆಯಲಿಲ್ಲ, ಇಟಲಿ ನಿಲ್ಲಲೂ ಇಲ್ಲ. ಹಲ್ಲಿಲ್ಲದ ಹಾವು ಆಯಿತು. ಈಗ ವಿಶ್ವಸಂಸ್ಥೆಯ ಸನ್ನದಿನ 41ನೇ ವಿಧಿಯಲ್ಲಿ ಈ ಅಧಿಕಾರ ಇದೆ, ಆದ್ರೆ ಆ ವಿಧಿಯಲ್ಲಿ ಸ್ಯಾಂಕ್ಷನ್ ಅನ್ನುವ ಪದವೇ ಇಲ್ಲ. ಸೈನ್ಯ ಬಳಸದ ಕ್ರಮಗಳು ಅಂತಷ್ಟೇ ಇದೆ.

ಕನ್ನಡದಲ್ಲಿ ‘ಆರ್ಥಿಕ ನಿರ್ಬಂಧ’ ಅಂತ ಬರೆಸಿ. ದಿಗ್ಬಂಧನ ಅಂದ್ರೆ ಎಲ್ಲ ದಿಕ್ಕಿನಿಂದ ಮುಚ್ಚುವುದು, ಹಡಗು ನಿಲ್ಲಿಸಿ ಬಂದರು ಮುತ್ತುವಂಥದ್ದು. ಕೆಲವು ಬ್ಯಾಂಕು, ಕೆಲವು ವ್ಯಕ್ತಿಗಳ ಖಾತೆ ತಡೆಹಿಡಿದರೆ ಅದು ದಿಗ್ಬಂಧನ ಆಗುವುದಿಲ್ಲ.

ಹಳೆ ದಫ್ತರ, ಬೆಳಗಾವಿ

ದಿಗ್ಬಂಧನದ ಬಗ್ಗೆ ಒಂದು ಮಾತು. ಅದು ಮೊದಲು ಪೂಜೆಯ ಪದ. ಜಪಕ್ಕೆ ಕೂರುವ ಮುಂಚೆ ಮಂತ್ರ ಹೇಳಿ ಹತ್ತೂ ದಿಕ್ಕು ಕಟ್ಟುತ್ತಾರೆ, ಕೆಟ್ಟದ್ದು ಒಳಗೆ ಬರಬಾರದು ಅಂತ. ಅದೂ ದೇವರ ಮನೆಯಿಂದ ಹೊರಟು ಪೇಪರಿನ ಮೊದಲ ಪುಟಕ್ಕೆ ಬಂದಿದೆ.

ಬಿಎ ಎರಡನೇ ವರ್ಷ, ಇಳಕಲ್

ಪರೀಕ್ಷೆಯಲ್ಲಿ ವಾಕ್ಯ ಕೊಟ್ಟಾಗ ಯಾವ ಅರ್ಥ ಅಂತ ಬೇಗ ಗುರುತಿಸುವುದು ಹೇಗೆ ಅಕ್ಕಾ? ಅಲ್ಲಿ ಇಷ್ಟೆಲ್ಲ ಯೋಚಿಸಲು ಟೈಮ್ ಇರುವುದಿಲ್ಲ.

ವಕೀಲಕ್ಕ, ಬೆಳಗಾವಿ

ಪದದ ಮುಂದೆ ಏನಿದೆ ನೋಡು ತಂಗಿ. ‘ಸ್ಯಾಂಕ್ಷನ್ ಫಾರ್’, ‘ಸ್ಯಾಂಕ್ಷನ್ ಆಫ್’ ಅಂತ ಬಂದರೆ ಹೆಚ್ಚಾಗಿ ಮಂಜೂರಾತಿ. ‘ಸ್ಯಾಂಕ್ಷನ್ಸ್ ಆನ್’, ‘ಸ್ಯಾಂಕ್ಷನ್ಸ್ ಅಗೇನ್ಸ್ಟ್’ ಅಂತ ಬಂದರೆ ನಿರ್ಬಂಧ, ಆಗ ಅದು ಸಾಮಾನ್ಯವಾಗಿ ಬಹುವಚನದಲ್ಲೇ ಇರುತ್ತದೆ. ಕ್ರಿಯಾಪದವಾಗಿ ಬಂದಾಗ ಮಾತ್ರ ಹುಷಾರು. ಏನನ್ನು ಸ್ಯಾಂಕ್ಷನ್ ಮಾಡಿದರು ಅಂತ ನೋಡಬೇಕು. ಸಾಲ, ಯೋಜನೆ, ಹುದ್ದೆ ಆಗಿದ್ದರೆ ಒಪ್ಪಿಗೆ. ದೇಶ, ಕಂಪನಿ, ವ್ಯಕ್ತಿ ಆಗಿದ್ದರೆ ಶಿಕ್ಷೆ.

ಮಾಸ್ತರ, ವಿಜಯಪುರ

ಇದನ್ನು ನಾಳೆ ಬೋರ್ಡಿನ ಮೇಲೆ ಹೀಗೇ ಬರೆಯುತ್ತೇನೆ. ಭಾನುವಾರ ಮಕ್ಕಳನ್ನು ಮಕ್ಕಾ ದರ್ವಾಜಾಕ್ಕೂ ಕರೆದುಕೊಂಡು ಹೋಗುತ್ತೇನೆ. ಗಚ್ಚಿನ ಮನೆಯವರೇ, ಅರ್ಜಿ ಏನಾಯ್ತು ಅಂತ ಇಲ್ಲೇ ತಿಳಿಸಿ. ಬರೆಯಲು ಸಹಾಯ ಬೇಕಾದರೆ ನಮ್ಮ ಮಕ್ಕಳಿದ್ದಾರೆ, ಅವರಿಗೂ ಅರ್ಜಿ ಬರೆದು ಅಭ್ಯಾಸವಾಗುತ್ತದೆ.